ಇಪ್ಪತ್ತೈದೋ, ಮೂವತ್ತೋ

ಮೇ ತಿಂಗಳ ಕೊನೆಯ ವಾರಗಳಲ್ಲಿ ವಡಾಲದ ಬೆಳಗು ಚೈನ್‌ಸಾದ ಸದ್ದಿನೊಂದಿಗೆ ಕಣ್ಣು ತೆರೆಯುತ್ತದೆ. ಮುಂಗಾರು ಮುಂಬಯಿಯನ್ನು ಮುಟ್ಟುವುದು ವಾಡಿಕೆಯಂತೆ ಜೂನ್ 11ರ ಸುಮಾರಿಗೆ. ಅಷ್ಟರೊಳಗೆ ರಸ್ತೆಯ ಮೇಲೆ ಚಾಚಿಕೊಂಡ ಕೊಂಬೆಗಳು ಇಳಿಯಬೇಕು. ಪಾಲಿಕೆಯ ಉದ್ಯಾನ ವಿಭಾಗದ ಪಟ್ಟಿ ಹಿಡಿದು ಗುತ್ತಿಗೆದಾರರ ಆಳುಗಳು ಬರುತ್ತಾರೆ. ಹಗ್ಗ, ಏಣಿ, ಹೆಲ್ಮೆಟ್ಟು, ಕೊಂಬೆ ತುಂಬಲು ಒಂದು ಲಾರಿ. ಗಾಳಿಮಳೆಯಲ್ಲಿ ಮುರಿಯುವ ಕೊಂಬೆಯ ಕೆಳಗೆ ಯಾರು ನಿಂತಿರುತ್ತಾರೋ ಯಾರೂ ಬಲ್ಲವರಿಲ್ಲ. ಕತ್ರಕ್ ರಸ್ತೆಯ ವಿಠ್ಠಲ ಮಂದಿರಕ್ಕೆ ಆಷಾಢ ಏಕಾದಶಿಯ ದಿನ ಜನ ಸಾಲುಗಟ್ಟುವುದು ಮಳೆಯಲ್ಲಿಯೇ. ಎನ್‌ಕೆಇಎಸ್ ಶಾಲೆಯ ನಮ್ಮ ಕನ್ನಡದ ಮಕ್ಕಳು ಕೊಡೆ ಹಿಡಿದು ನಡೆಯುವುದೂ ಇದೇ ಮರಗಳ ಕೆಳಗೆ. 2021ರ ಮೇ 17ರಂದು ತೌಕ್ತೆ ಚಂಡಮಾರುತ ನಗರದ ಪಕ್ಕದಲ್ಲಿ ಹಾದುಹೋದಾಗ ನೂರಾರು ಮರಗಳು ನೆಲಕ್ಕೊರಗಿದವು. ಅದನ್ನು ಕಂಡವರಿಗೆ ಈ ಸದ್ದಿನ ಮೇಲೆ ಸಿಟ್ಟು ಬರುವುದಿಲ್ಲ, ಅಷ್ಟೇ, ಹಿತವೆನಿಸುವುದೂ ಇಲ್ಲ.

ಆ ದೊಡ್ಡ ಸದ್ದಿಗೆ ಮೊದಲು ಒಂದು ಸಣ್ಣ ಸದ್ದು ಇರುತ್ತದೆ. ಫೈವ್ ಗಾರ್ಡನ್ಸ್‌ನಲ್ಲಿ ನಡೆದಾಡುವ ನಾವೆಲ್ಲ ಅದನ್ನು ದಾಟಿ ಹೋಗಿರುತ್ತೇವೆ, ಕೇಳಿರುವುದಿಲ್ಲ. ಕಟ್ಟೆಯ ಮೇಲೆ ಕುಳಿತ ಆಳೊಬ್ಬ ಯಂತ್ರವನ್ನು ತೊಡೆಗಳ ನಡುವೆ ಒತ್ತಿ ಹಿಡಿದಿರುತ್ತಾನೆ. ಕೈಯಲ್ಲಿ ಬೆರಳಿಗಿಂತ ತೆಳುವಾದ ಒಂದು ದುಂಡು ಅರ. ಸರಪಳಿಯ ಒಂದು ಹಲ್ಲಿಗೆ ಅದನ್ನು ತಾಗಿಸುತ್ತಾನೆ, ಒಳಗಿನಿಂದ ಹೊರಕ್ಕೆ ತಳ್ಳುತ್ತಾನೆ, ಎತ್ತಿ ಹಿಂದಕ್ಕೆ ತರುತ್ತಾನೆ, ಮತ್ತೆ ತಳ್ಳುತ್ತಾನೆ. ಎರಡು ಸಲ, ಮೂರು ಸಲ. ಆಮೇಲೆ ಮುಂದಿನ ಹಲ್ಲು. ಹಿಂದಕ್ಕೆಳೆಯುವಾಗ ಅರ ಹಲ್ಲನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಅರವೇ ಸವೆಯುತ್ತದೆ. ಉಜ್ಜುವುದೆಂದರೆ ಹಿಂದೆ ಮುಂದೆ ತಿಕ್ಕುವುದೆಂದು ತಿಳಿದವರಿಗೆ ಈ ಸಂಯಮ ವಿಚಿತ್ರವೆನಿಸಬಹುದು. ಕೆಲಸ ನಡೆಯುವುದು ಒಂದು ದಿಕ್ಕಿನಲ್ಲಿ ಮಾತ್ರ. ಇನ್ನೊಂದು ದಿಕ್ಕಿನಲ್ಲಿ ಕೈ ಬರಿದೇ ಮರಳುತ್ತದೆ.

ಸರಪಳಿಯ ರಚನೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅದರಲ್ಲಿ ಎಡದ ಹಲ್ಲು, ಬಲದ ಹಲ್ಲು ಎಂದು ಎರಡು ಬಗೆ. ಒಂದಾದ ಮೇಲೆ ಒಂದರಂತೆ ಅವು ಬರುತ್ತವೆ. 72 ಕೊಂಡಿಗಳ ಸರಪಳಿಯಾದರೆ ಹಲ್ಲುಗಳು 36. ಎಡಕ್ಕೆ 18, ಬಲಕ್ಕೆ 18. ಯಂತ್ರ ಪೂರ್ಣ ವೇಗದಲ್ಲಿ ಓಡುವಾಗ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಸಾಗುತ್ತದೆ. ಆ ವೇಗದಲ್ಲಿ ಒಂದೊಂದು ಹಲ್ಲನ್ನು ನಮ್ಮ ಕಣ್ಣು ಕಾಣುವುದಿಲ್ಲ. ಆದರೆ ಮರ ಕಾಣುತ್ತದೆ. ಪ್ರತಿಯೊಂದು ಹಲ್ಲೂ ತನ್ನ ಸರದಿ ಬಂದಾಗ ಒಂದು ಚಕ್ಕೆಯನ್ನು ಎತ್ತಿ ಮುಂದೆ ಸಾಗುತ್ತದೆ. ಹಲ್ಲಿನ ಮೇಲ್ಭಾಗವನ್ನು ನೇರವಾಗಿ ಅಡ್ಡ ಕತ್ತರಿಸಿರುವುದಿಲ್ಲ, ಓರೆಯಾಗಿ ಕತ್ತರಿಸಿರುತ್ತಾರೆ. ಅರ ಹಿಡಿಯುವವನು ಮೊದಲು ನಿಶ್ಚಯಿಸಬೇಕಾದದ್ದು ಆ ಓರೆ ಎಷ್ಟಿರಬೇಕೆಂಬುದನ್ನು. ಸಾಮಾನ್ಯವಾಗಿ 30 ಡಿಗ್ರಿ. ಗಟ್ಟಿ ಮರಕ್ಕೆ 25. ಮೆದು ಮರಕ್ಕೆ 35ರವರೆಗೆ ಹೋಗಬಹುದು. ದಿಮ್ಮಿಯನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವ ಸರಪಳಿಗಾದರೆ 10 ಡಿಗ್ರಿ ಸಾಕು. ಅಡ್ಡ ಕೊಯ್ತಕ್ಕೆ ಒಂದು ಓರೆ, ಉದ್ದ ಕೊಯ್ತಕ್ಕೆ ಇನ್ನೊಂದು ಎಂಬುದು ಕೈಗರಗಸದ ಕಾಲದಿಂದಲೂ ಬಡಗಿಗಳು ಬಲ್ಲ ಸಂಗತಿ.

ಓರೆ ಹೆಚ್ಚಿದಷ್ಟೂ ಹಲ್ಲಿನ ತುದಿ ತೆಳುವಾಗುತ್ತದೆ. ತೆಳುವಾದಷ್ಟೂ ತೀಕ್ಷ್ಣವಾಗುತ್ತದೆ. ತೀಕ್ಷ್ಣವಾದಷ್ಟೂ ಬೇಗ ಮೊಂಡಾಗುತ್ತದೆ. ಓರೆ ತಗ್ಗಿಸಿದರೆ ತುದಿಗೆ ಹಿಂಬದಿಯ ಉಕ್ಕಿನ ಆಸರೆ ಹೆಚ್ಚು, ಬಾಳಿಕೆಯೂ ಹೆಚ್ಚು, ವೇಗ ಮಾತ್ರ ಕಡಿಮೆ. ಈ ಎರಡನ್ನೂ ಒಟ್ಟಿಗೆ ಕೊಡಬಲ್ಲ ಕೋನವನ್ನು ಇದುವರೆಗೆ ಯಾವ ಕಾರ್ಖಾನೆಯೂ ಕಂಡುಹಿಡಿದಿಲ್ಲ. ಲೋಹದ ಸ್ವಭಾವವೇ ಅದು. ಕ್ಷೌರದ ಕತ್ತಿಯಿಂದ ಕಟ್ಟಿಗೆ ಸೀಳಲಾಗದು, ಕೊಡಲಿಯಿಂದ ಕ್ಷೌರವಾಗದು. ಹಾಗೆಂದು ಯಾವುದನ್ನೂ ಮೊಂಡೆಂದು ಹಳಿಯುವಂತಿಲ್ಲ.

ತೀಕ್ಷ್ಣತೆ ಆಯುಧದ ಗುಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬುದ್ಧಿಯ ವಿಷಯದಲ್ಲಿಯೂ ಹಾಗೆಯೇ ಭಾವಿಸುತ್ತೇವೆ. ಹರಿತವಾದ ಮಾತು, ಹರಿತವಾದ ನೋಟ, ಹರಿತವಾದ ವಿವೇಚನೆ ಎನ್ನುವಾಗ ಅವೆಲ್ಲ ಒಬ್ಬನ ಸ್ವಂತ ಸ್ವತ್ತೆಂಬಂತೆ ಹೇಳುತ್ತೇವೆ. ಅರ ಹಿಡಿದವನು ಹಾಗೆ ಯೋಚಿಸುವುದಿಲ್ಲ. ಅವನಿಗೆ ಹರಿತವೆಂಬುದು ಹಲ್ಲು ಮತ್ತು ಮರ ಇವೆರಡರ ನಡುವಿನ ಸಂಬಂಧ. ಎದುರಿಗಿರುವುದು ಯಾವ ಮರವೆಂದು ತಿಳಿಯದೆ ಹಲ್ಲನ್ನು ಎಷ್ಟು ಹರಿತಗೊಳಿಸಬೇಕೆಂಬ ಪ್ರಶ್ನೆಗೆ ಉತ್ತರವಿಲ್ಲ. ನಮ್ಮೆಲ್ಲರಲ್ಲಿ ಒಂದು ದೌರ್ಬಲ್ಯವಿದೆ. ಒಂದು ಓರೆಯನ್ನು ಯಾವಾಗಲೋ ರೂಢಿ ಮಾಡಿಕೊಂಡಿರುತ್ತೇವೆ. ಮನೆಯಲ್ಲಿ, ಕಚೇರಿಯಲ್ಲಿ, ಮಕ್ಕಳ ಮುಂದೆ, ಮುದುಕರ ಮುಂದೆ ಅದೇ ಓರೆಯಲ್ಲಿ ವರ್ತಿಸುತ್ತೇವೆ. ಕೆಲವೆಡೆ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಕೆಲವೆಡೆ ನಾವೇ ಮೊಂಡಾಗುತ್ತೇವೆ. ಆಗ ಎದುರಿನವರು ಗಟ್ಟಿ ಎನ್ನುತ್ತೇವೆ.

ವಡಾಲದ ಮರಗಳ ವಿಷಯವೇ ಬೇರೆ. 1896ರ ಪ್ಲೇಗಿನ ತರುವಾಯ, 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ, ವಡಾಲ, ಸಾಯನ್‌ಗಳ ಬಯಲನ್ನು ಬಡಾವಣೆಗಳಾಗಿ ರೂಪಿಸಿತು. ಆ ಟ್ರಸ್ಟಿನ ಇಂಜಿನಿಯರ್ ಮಂಚೆರ್ಜಿ ಎದುಲ್ಜಿ ಜೋಶಿ ಪಾರ್ಸಿ ಕಾಲೊನಿಯನ್ನೂ ಫೈವ್ ಗಾರ್ಡನ್ಸ್‌ನ್ನೂ ಕಲ್ಪಿಸಿದವರು. ಬೀದಿಯಿಂದ ಬೀದಿಗೆ ಮರದ ಜಾತಿ ಬದಲಾಗುವಂತೆ ನೆಡಿಸಿದರೆಂದು ಅಲ್ಲಿಯ ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಮನೆಗೆ ಸಂಖ್ಯೆ ಕೊಡುವವರು ಬಹಳ. ಬೀದಿಗೆ ನೆರಳಿನ ಬಗೆಯನ್ನು ಗೊತ್ತು ಮಾಡುವವರು ವಿರಳ. ಹೀಗಾಗಿ ಅರ್ಧ ಮೈಲಿಯೊಳಗೆ ಮಳೆಮರ, ಗುಲ್‌ಮೊಹರ್, ಮಹಾಗನಿ, ಆಲ, ಅಶ್ವತ್ಥ ಎಲ್ಲವೂ ಸಿಗುತ್ತವೆ. ಗುಲ್‌ಮೊಹರ್ ಮೆದು, ಥಟ್ಟನೆ ಮುರಿಯುವ ಮರ. ಎಲ್ಲಾದರೂ ಒಂದು ಹುಣಸೆ ಎದುರಾದರೆ ಅದು ಬೇರೆಯೇ ಲೋಕ. ಮಾಂಸದಂಗಡಿಯ ಕೊರಡಿಗೆ ಹುಣಸೆಯನ್ನೇ ಆರಿಸುವುದು ಅದರ ಗಟ್ಟಿತನಕ್ಕಾಗಿ. ಮರ ಮರಕ್ಕೂ ಓರೆ ಬದಲಾಯಿಸುತ್ತ ಕುಳಿತರೆ ದಿನಕ್ಕೆ ಒಂದು ಬೀದಿಯೂ ಮುಗಿಯದು.

ಅದಲ್ಲದೆ ನಗರದ ಮರ ಬರೀ ಮರವಲ್ಲ. ಯಾವುದೋ ಕಾಲದಲ್ಲಿ ಜಾಹೀರಾತಿನ ಹಲಗೆಗೆ ಹೊಡೆದ ಮೊಳೆ ಅದರ ತೊಗಟೆಯೊಳಗೆ ಹುದುಗಿರುತ್ತದೆ. ಹಬ್ಬದ ದೀಪಮಾಲೆಗೆ ಬಿಗಿದ ತಂತಿಯನ್ನು ಮರ ನುಂಗಿಕೊಂಡಿರುತ್ತದೆ. ಬುಡದಲ್ಲಿ ಸಿಮೆಂಟು, ಮೈಮೇಲೆ ರಸ್ತೆಯ ಧೂಳು, ಟ್ರಕ್ಕುಗಳ ಮಸಿ. ಹಲ್ಲಿನ ತುದಿಯನ್ನು ಕೆಡಿಸುವುದು ಮರದ ಗಟ್ಟಿತನಕ್ಕಿಂತ ಹೆಚ್ಚಾಗಿ ಈ ಮಣ್ಣು ಮತ್ತು ಕಬ್ಬಿಣ. ಉತ್ತರದ ಹಿಮದೇಶಗಳಲ್ಲಿ ಚಳಿಗಾಲದ ಹೆಪ್ಪುಗಟ್ಟಿದ ಮರಕ್ಕೆಂದು ಓರೆಯನ್ನು 25ಕ್ಕೆ ಇಳಿಸುತ್ತಾರೆ. ಮುಂಬಯಿಯಲ್ಲಿ ಮರ ಹೆಪ್ಪುಗಟ್ಟುವ ಪ್ರಶ್ನೆಯಿಲ್ಲ. ಆದರೂ ಇಲ್ಲಿಯ ಆಳುಗಳ ಕೈ ಬಹುಪಾಲು ಅದೇ ಅಂಕಿಯ ಸುತ್ತ ಸುಳಿಯುತ್ತದೆ. ಮೂಲೆ ಚೂಪಾದ ಹಲ್ಲಿಗಿಂತ ಮೂಲೆ ದುಂಡಾದ ಹಲ್ಲು ಇಲ್ಲಿ ಹೆಚ್ಚು ಬಾಳುತ್ತದೆ. ಎರಡು ಊರುಗಳ ಕಾರಣಗಳು ಬೇರೆ, ತಲುಪಿದ ತೀರ್ಮಾನ ಒಂದೇ. ಪುಸ್ತಕದ ಅಂಕಿಯನ್ನು ಪರಿಸ್ಥಿತಿ ಮೌನವಾಗಿ ತಿದ್ದುತ್ತದೆ. ಸಾವಿರ ಮೊಳೆಗಳ ಊರಿನಲ್ಲಿ ಅತಿ ತೀಕ್ಷ್ಣವಾಗಿ ಬದುಕಲು ಹೊರಟವರು ಎಷ್ಟು ದಿನ ಬಾಳುತ್ತಾರೆಂಬುದನ್ನು ವಡಾಲ ಸ್ಟೇಷನ್ನಿನ ಸಂಜೆಯ ಮುಖಗಳನ್ನು ನೋಡಿದವರು ಊಹಿಸಬಲ್ಲರು.

ಈ ಹಲ್ಲಿನ ಆಕಾರ ಎಲ್ಲಿಂದ ಬಂತೆಂಬುದು ಕೇಳತಕ್ಕ ಕಥೆ. ಚೈನ್‌ಸಾದ ಹಳೆಯ ಸರಪಳಿಗಳು ಕೈಗರಗಸದ ಹಲ್ಲನ್ನೇ ಅನುಕರಿಸಿದ್ದವು. ಅವು ಮರವನ್ನು ಕೆರೆಯುತ್ತಿದ್ದವು, ಬಲು ಬೇಗ ಮೊಂಡಾಗುತ್ತಿದ್ದವು, ಒಂದೊಂದು ಹಲ್ಲನ್ನು ಮಸೆಯುವುದೂ ದೊಡ್ಡ ಶ್ರಮವಾಗಿತ್ತು. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಮರ ಕಡಿಯುವ ಕೆಲಸಗಾರ ಜೋಸೆಫ್ ಬುಫೋರ್ಡ್ ಕಾಕ್ಸ್ ಕಟ್ಟಿಗೆ ಒಡೆಯುತ್ತಿದ್ದಾಗ ಒಂದು ಮರದ ಬೊಡ್ಡೆಯಲ್ಲಿ ದುಂಬಿಯ ಮರಿಹುಳುವನ್ನು ಕಂಡರು. ಆ ಹುಳು ಮರದ ಎಳೆಯ ಗುಂಟವೂ ಎಳೆಗೆ ಅಡ್ಡಲಾಗಿಯೂ ಸರಾಗವಾಗಿ ಕೊರೆಯುತ್ತಿತ್ತು. ಅದು ಕೆರೆಯುತ್ತಿರಲಿಲ್ಲ. ಬಾಗಿದ ಎರಡು ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಚೂರುಚೂರಾಗಿ ಎತ್ತುತ್ತಿತ್ತು. ಕಾಕ್ಸ್ ಆ ದವಡೆಯನ್ನೇ ಉಕ್ಕಿನಲ್ಲಿ ಮೂಡಿಸಿದರು. ಮರುವರ್ಷ ಪೋರ್ಟ್‌ಲೆಂಡ್ ನಗರದಲ್ಲಿ ಅವರ ಸರಪಳಿ ಕಂಪನಿ ಆರಂಭವಾಯಿತು. ಇಂದು ಜಗತ್ತಿನ ಬಹುತೇಕ ಎಲ್ಲ ಸರಪಳಿಗಳೂ ಆ ಹುಳುವಿನ ವಂಶದವೇ. ಮಳೆಮರವನ್ನು ಒಳಗೊಳಗೇ ತಿನ್ನುವ ಹುಳವೂ ಅದನ್ನು ಹೊರಗಿನಿಂದ ಕೊಯ್ಯುವ ಯಂತ್ರವೂ ಹೀಗೆ ದೂರದ ನೆಂಟರೆಂದು ಯೋಚಿಸಿದರೆ ಕೊಂಚ ನಗು ಬರುತ್ತದೆ.

ಕೋನದ ಆಯ್ಕೆಯ ಬಗೆಗೆ ಇಷ್ಟೆಲ್ಲ ಯೋಚಿಸಿದ ಮೇಲೆ ಒಂದು ಮಾತು ನಮ್ಮನ್ನು ಥಟ್ಟನೆ ನಿಲ್ಲಿಸುತ್ತದೆ. ಯಾದಗಿರಿಯ ಕಡೆಯಿಂದ ದುಡಿಯಲು ಬಂದ ಆಳೊಬ್ಬ, ಎಷ್ಟು ಓರೆ ಸರಿ ಎಂದು ಕೇಳಿದ್ದಕ್ಕೆ ತಲೆಯೆತ್ತದೆ ಹೇಳಿದ್ದು: “ಓರೆ ಹೆಚ್ಚಾಗ್ಲಿ ಕಮ್ಮಿ ಆಗ್ಲಿ, ನಡೀತದರಿ. ಎಲ್ಲಾ ಹಲ್ಲಿಗೂ ಒಂದಽ ಇರ್ಬೇಕು ನೋಡ್ರಿ.” ಪರಿಣತರೂ ಇದನ್ನೇ ಹೇಳುತ್ತಾರೆ. 25ಕ್ಕೂ 30ಕ್ಕೂ ಇರುವ ವ್ಯತ್ಯಾಸವನ್ನು ಮರ ಬಹಳ ಮಟ್ಟಿಗೆ ಸಹಿಸಿಕೊಳ್ಳುತ್ತದೆ. ಒಂದು ಹಲ್ಲಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಸಹಿಸುವುದಿಲ್ಲ. ಎಡದ ಹಲ್ಲುಗಳು ಉದ್ದವಾಗಿ, ಹರಿತವಾಗಿ ಉಳಿದು ಬಲದವು ಗಿಡ್ಡವಾದರೆ ಕೊಯ್ತ ನೇರವಾಗಿ ಇಳಿಯುವುದಿಲ್ಲ. ಹರಿತವಾದ ಬದಿಗೆ ಎಳೆಯುತ್ತ ಬಾಗುತ್ತದೆ. ಹಿಡಿದವನು ನೇರವಾಗಿಯೇ ಹಿಡಿದಿರುತ್ತಾನೆ. ದಾರಿ ಮಾತ್ರ ವಕ್ರವಾಗಿರುತ್ತದೆ. ಕೊನೆಗೆ ಬಾರ್, ಅಂದರೆ ಸರಪಳಿ ಸುತ್ತುವ ಪಟ್ಟಿ, ಮರದೊಳಗೆ ಸಿಕ್ಕಿಕೊಂಡು ನಿಲ್ಲುತ್ತದೆ.

ಹಾಗಾದರೆ ನಮ್ಮ ಚರ್ಚೆಯೆಲ್ಲ ಅಂಕಿಯ ಸುತ್ತಲೇ ಏಕೆ ತಿರುಗುತ್ತದೆ? ಇಪ್ಪತ್ತೈದೋ, ಮೂವತ್ತೋ, ಮೂವತ್ತೈದೋ? ಬಹುಶಃ ಆಯ್ಕೆಯಲ್ಲಿ ಒಂದು ಸುಖವಿದೆ. ಆಯ್ಕೆ ಒಂದು ಕ್ಷಣದ ಕೆಲಸ. ಅದರಲ್ಲಿ ನಾವು ಯಜಮಾನರು. ಪಾಲನೆ ದೀರ್ಘವಾದದ್ದು, ಅದರಲ್ಲಿ ನಾವು ಆಳುಗಳು. ಯಾವ ಶಾಲೆ ಮಗುವಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಯೋಚಿಸುತ್ತೇವೆ; ಸೇರಿಸಿದ ಮೇಲೆ ಸಂಜೆ ಪಕ್ಕದಲ್ಲಿ ಕೂರುವುದು ಕಷ್ಟವಾಗುತ್ತದೆ. ಯಾವ ಹೊತ್ತಿಗೆ ಧ್ಯಾನ, ಯಾವ ಮಂತ್ರ, ಯಾವ ಆಸನವೆಂದು ವಿಚಾರಿಸುತ್ತೇವೆ. ನಾಲ್ಕನೆಯ ದಿನ ಏಳುವುದು ಕಷ್ಟವಾಗುತ್ತದೆ. ಸಂಕಲ್ಪದ ದಿನ ನಮ್ಮ ಮನಸ್ಸು ಉತ್ಸವದಂತಿರುತ್ತದೆ. ಮೂವತ್ತಾರನೆಯ ಹಲ್ಲಿಗೆ ಬರುವಷ್ಟರಲ್ಲಿ ಕೈ ಸೋತಿರುತ್ತದೆ. ಇದನ್ನು ದೋಷವೆಂದು ಎಣಿಸಬೇಕಿಲ್ಲ. ದೇಹವಿರುವ ಎಲ್ಲರ ಪಾಡೂ ಇದೇ. ಮೊದಲ ಹಲ್ಲಿಗೆ ದೊರೆತ ಶ್ರದ್ಧೆ ಕೊನೆಯ ಹಲ್ಲಿಗೂ ದೊರೆಯಿತೇ ಎಂಬ ಪ್ರಶ್ನೆಯನ್ನು ಮಾತ್ರ ಅಂಕಿಯ ಪ್ರಶ್ನೆಗಿಂತ ಕೊಂಚ ಮೇಲೆ ಇಡಬಹುದೇನೋ.

ಕೈ ಸೋಲುವುದಕ್ಕೂ ಒಂದು ಕ್ರಮವಿದೆ. ಬಲಗೈ ಬಳಸುವವರಿಗೆ ಒಂದು ಬದಿಯ ಹಲ್ಲುಗಳು ಅನುಕೂಲವಾಗಿ ಒದಗುತ್ತವೆ, ಇನ್ನೊಂದು ಬದಿಯವು ಅಡ್ಡವಾಗುತ್ತವೆ. ಅನುಕೂಲದ ಬದಿಯಲ್ಲಿ ಒತ್ತಡ ತಾನಾಗಿ ಹೆಚ್ಚುತ್ತದೆ, ಕೋನ ನಿಖರವಾಗಿ ಉಳಿಯುತ್ತದೆ. ಇನ್ನೊಂದು ಬದಿಯಲ್ಲಿ ಮಣಿಕಟ್ಟು ಮೆಲ್ಲನೆ ಹೊರಳುತ್ತದೆ. ಒಂದು ಸಲಕ್ಕೆ ಒಂದು ಡಿಗ್ರಿಯಷ್ಟೂ ಇರದ ಹೊರಳು. ಮಾಡುವಾಗ ತಿಳಿಯುವುದೇ ಇಲ್ಲ. ಹತ್ತು ಸಲ ಮಸೆದ ಮೇಲೆ ಕೊಯ್ತ ಬಾಗಿದಾಗ ತಿಳಿಯುತ್ತದೆ. ಪಕ್ಷಪಾತ ನಮ್ಮೊಳಗೆ ಪ್ರವೇಶಿಸುವುದೂ ಹೀಗೆಯೇ. ಯಾರೂ ಪಕ್ಷಪಾತ ಮಾಡಬೇಕೆಂದು ಕುಳಿತುಕೊಳ್ಳುವುದಿಲ್ಲ. ಯಾರ ಜತೆ ಮಾತು ಸುಲಭವೋ ಅವರಿಗೆ ಗಮನ ಸಲೀಸಾಗಿ ಸಲ್ಲುತ್ತದೆ. ಯಾರ ಜತೆ ಮೈ ತಿರುಗಿಸಿ ಕೂರಬೇಕೋ ಅವರಿಗೆ ಉಳಿದದ್ದು ಸಲ್ಲುತ್ತದೆ. ತಿಳಿದ ಆಳುಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಕಷ್ಟದ ಬದಿಯಿಂದಲೇ ಆರಂಭಿಸುತ್ತಾರೆ. ಪ್ರತಿ ಹಲ್ಲಿಗೂ ಎಷ್ಟು ಸಲ ತಳ್ಳಿದೆವೆಂದು ಎಣಿಸುತ್ತಾರೆ. ಎಣಿಕೆ ಬಹಳ ಸಾಮಾನ್ಯವಾದ ಸಾಧನ. ಜಪಮಾಲೆಗೂ ಅದೇ ಆಧಾರ.

ಮೇಲಿನಿಂದ ಕಾಣುವ ಓರೆಯ ಕೆಳಗೆ ಇನ್ನೂ ಎರಡು ಕೋನಗಳಿವೆ. ಒಂದು ಹಲ್ಲಿನ ಪಕ್ಕದ ಅಂಚಿನದು. ಇನ್ನೊಂದು ಮೇಲ್ತುದಿಯ ಅಡಿಯಲ್ಲಿ ಅಡಗಿರುವುದು. ಮರವನ್ನು ನಿಜವಾಗಿ ಎತ್ತುವುದು ಅದೇ. ಈ ಎರಡನ್ನೂ ಯಾರೂ ಅಳೆದು ಆರಿಸುವುದಿಲ್ಲ. ದುಂಡು ಅರದ ಗಾತ್ರವೂ ಅದನ್ನು ಹಿಡಿಯುವ ಎತ್ತರವೂ ಅವನ್ನು ತಾವಾಗಿ ನಿರ್ಣಯಿಸುತ್ತವೆ. ಸರಪಳಿಯ ಅಳತೆಗೆ ತಕ್ಕಂತೆ 4 ಮಿಲಿಮೀಟರಿನದೋ, 4.8ರದೋ, 5.5ರದೋ ಅರ ಬೇಕು. ಅದರ ಐದರಲ್ಲೊಂದು ಪಾಲು ಹಲ್ಲಿನ ಮೇಲ್ಮೈಗಿಂತ ಮೇಲೆ ಕಾಣುತ್ತಿರಬೇಕು. ಕೈ ತಗ್ಗಿತೆಂದರೆ ಹಲ್ಲಿನ ಅಂಚು ಕೊಕ್ಕೆಯಂತೆ ಬಾಗುತ್ತದೆ. ಮೊದಲು ಆವೇಶದಿಂದ ಕಚ್ಚುತ್ತದೆ, ಬೇಗನೆ ಸೋಲುತ್ತದೆ. ಕೈ ಎತ್ತರವಾಯಿತೆಂದರೆ ಅಂಚು ಹಿಂದಕ್ಕೆ ವಾಲುತ್ತದೆ. ಎಷ್ಟು ಒತ್ತಿದರೂ ಕಚ್ಚದೆ ಜಾರುತ್ತದೆ. ಮೇಲಿನ ಓರೆ ಮಾತ್ರ ಎರಡೂ ಸಂದರ್ಭಗಳಲ್ಲಿ ನಿಖರವಾಗಿ 30 ಡಿಗ್ರಿಯೇ ಇರುತ್ತದೆ. ನೋಡುವವರು ಮೆಚ್ಚುತ್ತಾರೆ, ಮರ ಒಪ್ಪುವುದಿಲ್ಲ. ನಾವು ತೂಗಿ ಆರಿಸಿದ್ದು ಕಾಣುವ ಕೋನವನ್ನು. ನಮ್ಮ ಕೆಲಸದ ಗುಣವನ್ನು ನಿರ್ಣಯಿಸಿದ್ದು ಗಮನಕ್ಕೇ ಬಾರದ ಕೈಯ ಎತ್ತರ. ಒಳ್ಳೆಯ ಉದ್ದೇಶವಿದ್ದೂ ನಮ್ಮ ಎಷ್ಟೋ ಮಾತುಗಳು ತಾಗದೆ ಜಾರಿಹೋಗುವುದರ ಹಿಂದೆ ಇಂಥದೊಂದು ಎತ್ತರವಿರಬಹುದು.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು ಇದೆ. ಅದು ಕೊಯ್ಯುವುದಿಲ್ಲ. ಹಲ್ಲು ಎಷ್ಟು ಆಳಕ್ಕೆ ಇಳಿಯಬಹುದೆಂಬುದನ್ನು ಗೊತ್ತುಪಡಿಸುವುದೇ ಅದರ ಕೆಲಸ. ಹಲ್ಲಿನ ತುದಿಗಿಂತ ಅದು ಸುಮಾರು 0.65 ಮಿಲಿಮೀಟರಿನಷ್ಟು ತಗ್ಗಿರಬೇಕು, ಅಂದರೆ ಉಗುರಿನ ದಪ್ಪಕ್ಕೆ ಹತ್ತಿರ. ಹಲ್ಲು ಮಸೆದು ಮಸೆದು ತಗ್ಗಿದಂತೆ ಗುಬುಟನ್ನೂ ಚಪ್ಪಟೆ ಅರದಿಂದ ತುಸು ತಗ್ಗಿಸಬೇಕು. ತಗ್ಗಿಸದಿದ್ದರೆ ಎಷ್ಟೇ ಹರಿತವಾದ ಹಲ್ಲೂ ಮರವನ್ನು ಮುಟ್ಟುವುದಿಲ್ಲ. ಹೆಚ್ಚು ತಗ್ಗಿಸಿದರೆ ಹಲ್ಲು ತಾಳಲಾರದಷ್ಟನ್ನು ಕಚ್ಚುತ್ತದೆ. ಯಂತ್ರ ನಡುಗುತ್ತದೆ, ಕೆಲವೊಮ್ಮೆ ಹಿಡಿದವನ ಮುಖದ ಕಡೆಗೇ ಸಿಡಿದೇಳುತ್ತದೆ. ಏಣಿಯ ಮೇಲೆ ನಿಂತವನಿಗೆ ಅದರ ಅರ್ಥವೇನೆಂದು ವಿವರಿಸಬೇಕಿಲ್ಲ. ಬೇಗ ಮುಗಿಸುವ ಆತುರದಲ್ಲಿ ಗುಬುಟನ್ನು ಕೆರೆದು ಹಾಕುವುದು ಹೊಸಬರ ಸಾಮಾನ್ಯ ಆಸೆ. ಕೊಯ್ಯದ ಭಾಗವೊಂದು ಕೊಯ್ಯುವ ಭಾಗವನ್ನು ಕಾಯುತ್ತದೆಂಬುದು ಒಪ್ಪಲು ಕಷ್ಟ. ನಮ್ಮ ಮನೆಗಳಲ್ಲಿ ಹೆಚ್ಚು ಮಾತಾಡದ, ಆದರೆ ಮಾತು ಎಲ್ಲಿ ನಿಲ್ಲಬೇಕೆಂದು ಕಣ್ಣಲ್ಲೇ ಸೂಚಿಸುವ ಒಬ್ಬ ಅಜ್ಜಿಯೋ ಅತ್ತೆಯೋ ಇರುತ್ತಿದ್ದರು. ಅವರಿಲ್ಲವಾದ ಮೇಲೆ ಮನೆಯ ಮಾತು ಎಷ್ಟು ಆಳಕ್ಕೆ ಕಚ್ಚಿತೆಂಬುದು ಅನೇಕರ ಅನುಭವ.

ಹಲ್ಲು ಹರಿತವಾಗಿದೆಯೇ ಎಂದು ತಿಳಿಯಲು ಬೆರಳಿಟ್ಟು ನೋಡಬೇಕಿಲ್ಲ. ಕೆಳಗೆ ಬಿದ್ದದ್ದನ್ನು ನೋಡಿದರೆ ಸಾಕು. ಚಕ್ಕೆ ಚಕ್ಕೆಯಾಗಿ ಬಿದ್ದರೆ ಹಲ್ಲು ಚೆನ್ನಾಗಿದೆ. ಹಿಟ್ಟಿನಂಥ ಹುಡಿ ಬಿದ್ದರೆ ಮೊಂಡಾಗಿದೆ. ಮೊಂಡಾದಾಗ ಯಂತ್ರ ನಿಲ್ಲುವುದಿಲ್ಲ, ಸದ್ದೂ ಕಡಿಮೆಯಾಗುವುದಿಲ್ಲ. ಹಿಡಿದವನು ಮೈಭಾರ ಹಾಕಿ ಒತ್ತತೊಡಗುತ್ತಾನೆ. ಬಾರ್ ಕಾಯುತ್ತದೆ, ಹೊಗೆಯಾಡುತ್ತದೆ, ಎಣ್ಣೆ ಸುಡುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಬಹಳ ಕಷ್ಟಪಟ್ಟು ದುಡಿಯುವ ದೃಶ್ಯ. ಇಂಥ ಹೊತ್ತಿನಲ್ಲಿ ಯಂತ್ರ ಆರಿಸಿ ಕಟ್ಟೆಯ ಮೇಲೆ ಐದು ನಿಮಿಷ ಕೂರುವುದು ಸೋಮಾರಿತನದಂತೆ ತೋರುತ್ತದೆ. ಮುಕಾದಮ ಕೂಗುತ್ತಾನೆ. ಮಹಾನಗರದಲ್ಲಿ ಬಾಳುವ ನಾವೆಲ್ಲ ಆ ಕೂಗನ್ನು ಒಳಗೇ ಹೊತ್ತು ತಿರುಗುತ್ತೇವೆ. ಬೇರೆಯವರು ಕೂಗಬೇಕಾಗಿಯೂ ಇಲ್ಲ. ಬಲ್ಲವರು ಮಾತ್ರ ಪೆಟ್ರೋಲ್ ತುಂಬಿಸುವಾಗಲೆಲ್ಲ ಹಲ್ಲಿಗೆ ಎರಡೆರಡು ಸಲ ಅರ ಹಾಕಿಕೊಳ್ಳುತ್ತಾರೆ. ಪೂರ್ತಿ ಮೊಂಡಾದ ಮೇಲೆ ಮಸೆಯುವುದೆಂದರೆ ಹಲ್ಲಿನ ಬಹುಭಾಗವನ್ನೇ ಕಳೆಯಬೇಕಾಗುತ್ತದೆ. ಆಗಾಗ ಕೊಂಚ ಕಳೆದರೆ ಕಳೆದದ್ದು ತಿಳಿಯುವುದಿಲ್ಲ.

ಕಳೆಯುವುದಂತೂ ತಪ್ಪದು. ಅರ ಹಲ್ಲಿಗೆ ಏನನ್ನೂ ಕೂಡಿಸುವುದಿಲ್ಲ. ಪ್ರತಿ ತಳ್ಳಿಗೂ ಉಕ್ಕಿನ ಒಂದು ಕಣ ಉದುರುತ್ತದೆ, ಹಲ್ಲು ಒಂದು ಎಳೆಯಷ್ಟು ಗಿಡ್ಡವಾಗುತ್ತದೆ. ಬಹಳಷ್ಟು ಸರಪಳಿಗಳಲ್ಲಿ ಹಲ್ಲಿನ ಹಿಂಬದಿಗೆ ಕಾರ್ಖಾನೆಯವರೇ ಒಂದು ಓರೆಗೆರೆ ಕೆತ್ತಿರುತ್ತಾರೆ. ಆ ಗೆರೆಗೆ ಎರಡು ಅರ್ಥ. ಯಾವ ಓರೆಯಲ್ಲಿ ಮಸೆಯಬೇಕೆಂದು ಅದು ತೋರಿಸುತ್ತದೆ. ಸವೆದು ಸವೆದು ಅಂಚು ಆ ಗೆರೆಯನ್ನೇ ತಲುಪಿದಾಗ ಹಲ್ಲಿನ ಆಯುಸ್ಸು ಮುಗಿಯಿತೆಂದೂ ಅದೇ ಹೇಳುತ್ತದೆ. ಹೇಗೆ ಸವೆಯಬೇಕು, ಎಲ್ಲಿಯವರೆಗೆ ಸವೆಯಬಹುದು ಎಂಬ ಎರಡೂ ಸಂಗತಿಗಳನ್ನು ಹುಟ್ಟುವಾಗಲೇ ಮೈಮೇಲೆ ಬರೆಸಿಕೊಂಡು ಬಂದ ವಸ್ತುಗಳು ಅಪರೂಪ. ಕಡಲಿನ ಗಾಳಿ ವಡಾಲದಲ್ಲಿ ಅರಕ್ಕೂ ತುಕ್ಕು ಹಿಡಿಸುತ್ತದೆ. ಎಣ್ಣೆಬಟ್ಟೆಯಲ್ಲಿ ಸುತ್ತಿಡದಿದ್ದರೆ ಒಂದು ಮಳೆಗಾಲದಲ್ಲಿ ಅದೂ ಹೋಯಿತು. ಹರಿತಗೊಳಿಸುವುದಕ್ಕೂ ಆಯುಸ್ಸಿದೆ.

ಸರಪಳಿಯಲ್ಲಿ ಒಂದು ಹಲ್ಲು ಮೊಳೆಗೆ ತಾಗಿ ಮುಕ್ಕಾದರೆ ಏನು ಮಾಡಬೇಕು? ಈ ಕಸುಬಿನ ಹಳೆಯ ನಿಯಮ ಸ್ಪಷ್ಟವಾಗಿದೆ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ಹಲ್ಲನ್ನು ಮೊದಲು ಹುಡುಕು. ಅದು ಸರಿಹೋಗುವವರೆಗೆ ಅರ ಹಾಕು. ಉಳಿದ ಮೂವತ್ತೈದನ್ನೂ ಅದರ ಅಳತೆಗೆ ತಂದು ನಿಲ್ಲಿಸು. ಕೆಡದ ಹಲ್ಲುಗಳು ಕೆಟ್ಟ ಒಂದಕ್ಕಾಗಿ ತಮ್ಮ ಉದ್ದವನ್ನು ಬಿಟ್ಟುಕೊಡುತ್ತವೆ. ಸರಪಳಿಯ ಆಯುಸ್ಸು ಒಂದೇ ಬೆಳಗಿನಲ್ಲಿ ಎಷ್ಟೋ ಕಡಿಮೆಯಾಗುತ್ತದೆ. ಕೊಯ್ತ ಮಾತ್ರ ನೇರವಾಗಿ ಇಳಿಯುತ್ತದೆ. ಇದನ್ನು ಒಪ್ಪದವರೂ ಇದ್ದಾರೆ, ಅವರ ಕೈಯೂ ಪಳಗಿದ ಕೈಯೇ. ಒಂದು ಹಲ್ಲು ಕೆಟ್ಟರೆ ಕೆಡಲಿ, ಅದನ್ನು ಹಾಗೇ ಬಿಟ್ಟು ಉಳಿದವನ್ನು ಮಸೆದರೆ ಸಾಕು, ಮೂವತ್ತೈದು ಹಲ್ಲುಗಳು ಮರ ಕೊಯ್ಯುತ್ತವೆ, ಕೆಟ್ಟದ್ದು ನಾಲ್ಕಾರು ಸರದಿಯಲ್ಲಿ ತಾನೇ ಸಮಕ್ಕೆ ಬರುತ್ತದೆ ಎಂಬುದು ಅವರ ವಾದ. ಸರಪಳಿಯ ಬೆಲೆಯನ್ನು ತಮ್ಮ ಕೂಲಿಯಿಂದ ತೆರಬೇಕಾದವರು ಹೆಚ್ಚಾಗಿ ಈ ಪಕ್ಷದವರು. ಜೂನ್ ಮೊದಲ ವಾರ, ಪಟ್ಟಿಯಲ್ಲಿ ಇನ್ನೂ ಮರಗಳಿವೆ, ಮುಕ್ಕಾದ ಹಲ್ಲು ಬೆರಳಿನ ಕೆಳಗಿದೆ. ಆಗ ಒಬ್ಬೊಬ್ಬ ಆಳು ಒಂದೊಂದು ರೀತಿ ತೀರ್ಮಾನಿಸುತ್ತಾನೆ, ಪಕ್ಕದವನನ್ನು ಕೇಳುವುದೂ ಇಲ್ಲ.